ಡೊಂಬಿವಲಿಯಲ್ಲಿ ರಾತ್ರಿ ಪಾರ್ಸೆಲ್: ಪಂಜಾಬಿ ಹೋಟೆಲಾ, ಪೋಳಿ-ಭಾಜಿ (ಚಪಾತಿ-ಪಲ್ಯ) ಕೇಂದ್ರವಾ, ಉಡುಪಿ ಹೋಟೆಲಾ?

ಮೊದಲೇ ಹೇಳಿಬಿಡ್ತೇನೆ, ನನ್ನ ಓಟು ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿಗೆ. ಊರಿನವರು ಅನ್ನುವ ಅಭಿಮಾನ ಇರಬಹುದು, ಆದ್ರೆ ಎರಡು ತಿಂಗಳು ಮೂರೂ ಕಡೆಯಿಂದ ತಂದು ತಿಂದ ಮೇಲೆಯೇ ಬರೀತಾ ಇದ್ದೇನೆ.

ಮುಂಬೈಯ ಫೋರ್ಟ್‌ನಲ್ಲಿ ಆಫೀಸು ಮುಗಿಸಿ ಸಿಎಸ್‌ಎಂಟಿ ಸ್ಟೇಷನ್ನಿನಲ್ಲಿ ಫಾಸ್ಟ್ ಲೋಕಲ್ ರೈಲು ಹಿಡಿದ್ರೂ ಡೊಂಬಿವಲಿಯಲ್ಲಿ ಇಳಿಯುವಾಗ ಎಂಟೂಮುಕ್ಕಾಲು ಆಗ್ತದೆ, ಆಮೇಲೆ ಮನೆಗೆ ಹೋಗಿ ಕುಕ್ಕರ್ ಇಡುವ ತ್ರಾಣ ಎಲ್ಲಾ ದಿನ ಇರುವುದಿಲ್ಲ. ಹಾಗಾಗಿ ವಾರದಲ್ಲಿ ಎರಡು ರಾತ್ರಿ ಪಾರ್ಸೆಲ್. ಮನೆಯಲ್ಲಿ ನಾವು ನಾಲ್ಕು ಜನ: ಅತ್ತೆ, ನಮ್ಮವರು, ಮಗಳು, ನಾನು. ಅತ್ತೆಗೆ ಹಲ್ಲಿನ ಸೆಟ್ಟು, ಅದು ಈ ಲೆಕ್ಕದಲ್ಲಿ ಮುಖ್ಯ.

ಹೋದ ಜನವರಿಯಲ್ಲಿ ಕುಂದಾಪುರದಿಂದ ಅಕ್ಕ-ಭಾವ ಬಂದಿದ್ರು. ನೆಂಟರಿಗೆ ಸ್ವಲ್ಪ ಗಡದ್ದಾಗಿ ಇರಲಿ ಅಂತ ನಮ್ಮ ರಸ್ತೆಯ ಪಂಜಾಬಿ ಫ್ಯಾಮಿಲಿ ರೆಸ್ಟೋರೆಂಟಿಗೆ ಲೋಕಲ್ ಠಾಣೆ ಸ್ಟೇಷನ್ ದಾಟುವಾಗಲೇ ಫೋನ್ ಮಾಡಿದೆ. ಎರಡು ಪನೀರ್ ಬಟರ್ ಮಸಾಲ, ಒಂದು ವೆಜ್ ಕೊಲ್ಹಾಪುರಿ, ದಾಲ್ ಫ್ರೈ, ಜೀರಾ ರೈಸ್, ಹತ್ತು ಬಟರ್ ನಾನ್. ಡಬ್ಬಿ ಚಾರ್ಜು, 5% ಜಿಎಸ್‌ಟಿ ಎಲ್ಲಾ ಸೇರಿ 1,932 ರೂಪಾಯಿ. ದಿವಾ ಹತ್ತಿರ ಲೋಕಲ್ ಇಪ್ಪತ್ತು ನಿಮಿಷ ನಿಂತುಬಿಟ್ಟಿತು, ಅಷ್ಟರಲ್ಲಿ ಅವರು ಎಲ್ಲಾ ಕಟ್ಟಿ ಕೌಂಟರ್ ಮೇಲೆ ಇಟ್ಟಾಗಿತ್ತು.

ಮನೆಗೆ ತಂದು ಫಾಯಿಲ್ ಬಿಡಿಸಿದ್ರೆ ಒಳಗಡೆ ಪೂರ್ತಿ ನೀರಿನ ಹನಿ. ಕೆಳಗಿನ ನಾಲ್ಕು ನಾನ್ ಒಂದಕ್ಕೊಂದು ಅಂಟಿ ಒದ್ದೆಯಾಗಿದ್ವು, ಮೇಲಿನವು ಅಂಚಿನಲ್ಲಿ ಚರ್ಮದ ಹಾಗೆ. ತವಾ ಮೇಲೆ ಇಟ್ಟು ಬಿಸಿ ಮಾಡಿದೆ, ಒದ್ದೆ ಹೋಯಿತು, ಆದ್ರೆ ಎರಡೇ ನಿಮಿಷದಲ್ಲಿ ಇನ್ನೂ ಗಟ್ಟಿ. ಅತ್ತೆ ಒಂದು ತುಂಡು ಹರಿದು ಗ್ರೇವಿಯಲ್ಲಿ ಅದ್ದಿ, ಬಾಯಲ್ಲಿ ಅತ್ತ ಇತ್ತ ಮಾಡಿ, ಮೆಲ್ಲ ತೆಗೆದು ತಟ್ಟೆಯ ಬದಿಗೆ ಇಟ್ರು. "ನಂಗೆ ಅನ್ನವೇ ಸಾಕು ಮಾರಾಯ್ತಿ" ಅಂದ್ರು. ನೆಂಟರ ಎದುರು ನನಗೆ ತುಂಬಾ ಬೇಜಾರಾಯಿತು.

ಕಾರಣ ಆಮೇಲೆ ಅರ್ಥ ಆಯಿತು. ತಂದೂರಿನಿಂದ ತೆಗೆದ ಬಿಸಿ ನಾನನ್ನು ಹಾಗೇ ಫಾಯಿಲಿನಲ್ಲಿ ಸುತ್ತಿದ್ರೆ ಆವಿಗೆ ಹೋಗಲು ದಾರಿ ಇಲ್ಲ, ಅದು ನೀರಾಗಿ ವಾಪಸ್ ನಾನಿಗೇ ಇಳೀತದೆ, ಮತ್ತೆ ಮೈದಾ ತಣ್ಣಗಾದ ಹಾಗೆ ಬಿಗೀತದೆ. ಮುಂದಿನ ಸಲ ಪೇಪರಿನಲ್ಲಿ ಸುತ್ತಿ, ಬಾಯಿ ಸ್ವಲ್ಪ ಬಿಟ್ಟಿಡಿ ಅಂತ ಕೇಳಿದೆ, ಮಾಡಿಕೊಟ್ರು, ಎಷ್ಟೋ ವಾಸಿ ಇತ್ತು. ಅದರ ಮುಂದಿನ ಸಲ ಪ್ಯಾಕಿಂಗಿನ ಹುಡುಗ ಬೇರೆ, ಮತ್ತೆ ಅದೇ ಫಾಯಿಲ್. ತಂದೂರಿ ರೋಟಿ ತಂದು ನೋಡಿದೆ, ಅದು ನಾನಿಗಿಂತ ಕಡೆ. ಪ್ರತಿ ಸಲ ನಿಂತು ಹೇಳಿ ಮಾಡಿಸಿಕೊಳ್ಳಬೇಕು ಅಂತಾದ್ರೆ ಫೋನಿನಲ್ಲಿ ಆರ್ಡರ್ ಕೊಟ್ಟು ಏನು ಪ್ರಯೋಜನ ಹೇಳಿ.

ಇನ್ನೊಂದು ವಿಷಯ, ಇಂಥ ಅಡುಗೆಮನೆಗಳಲ್ಲಿ ಕೆಂಪು, ಬಿಳಿ, ಹಳದಿ ಗ್ರೇವಿ ಮೊದಲೇ ದೊಡ್ಡ ಪಾತ್ರೆಯಲ್ಲಿ ಮಾಡಿಟ್ಟಿರ್ತಾರೆ, ಆರ್ಡರ್ ಬಂದ ಹಾಗೆ ಅದನ್ನೇ ತೆಗೆದು ಮುಗಿಸ್ತಾರೆ. ಅದಕ್ಕೇ ಮೂರು ಪದಾರ್ಥ ತರಿಸಿದ್ರೂ ಬಾಯಿಗೆ ಒಂದೂವರೆ ರುಚಿ. ದಾಲ್ ಫ್ರೈ ಮಾತ್ರ ನಿಜವಾಗಿ ಚೆನ್ನಾಗಿತ್ತು, ಒಗ್ಗರಣೆಯ ಬೆಳ್ಳುಳ್ಳಿ ಪರಿಮಳ ಡಬ್ಬಿ ತೆಗೆದಾಗಲೂ ಇತ್ತು.

ಪೋಳಿ-ಭಾಜಿ ಕೇಂದ್ರದ್ದು ಮನೆ ಊಟವೇ. ಪೋಳಿ ಒಂದೊಂದರ ಲೆಕ್ಕದಲ್ಲಿ, ಕಡಲೆಹಿಟ್ಟಿನ ಪಿಠಲ, ಮಡಕೆ ಕಾಳಿನ ಮಟ್ಕಿ ಉಸಳ್ ಕಾಲು ಕಿಲೋ ಲೆಕ್ಕದಲ್ಲಿ, ನಾಲ್ಕು ಜನಕ್ಕೆ 300ರ ಹತ್ತಿರ ಆಗ್ತದೆ. ಜೋಳದ ಭಾಕರಿ ತಣ್ಣಗಾದ್ರೂ ಮೆಣಸಿನಕಾಯಿ ಚಟ್ನಿ ಠೇಚಾ ಜೊತೆ ರುಚಿ. ಆದ್ರೆ ಎಂಟೂವರೆಗೆ ಶಟರ್ ಎಳೀತಾರೆ, ನಾನು ಇಳಿಯುವುದೇ ಅದರ ನಂತರ. ಶನಿವಾರ ಮಾತ್ರ ಸಿಗ್ತದೆ.

ಇನ್ನು ನಮ್ಮ ಉಡುಪಿ ಹೋಟೆಲು. ಇಲ್ಲಿಯೂ ಎಲ್ಲವೂ ಪಾರ್ಸೆಲಿಗೆ ಆಗುವುದಿಲ್ಲ, ಮಸಾಲೆ ದೋಸೆ ಕಟ್ಟಿಸಬೇಡಿ, ಮನೆ ಮುಟ್ಟುವಾಗ ಬಟ್ಟೆಯ ಹಾಗೆ ಮೆತ್ತಗಾಗಿರ್ತದೆ. ತರಬೇಕಾದದ್ದು ನೀರು ದೋಸೆ, ಇಡ್ಲಿ, ಸೆಟ್ ದೋಸೆ. ನೀರು ದೋಸೆಗೆ ಗರಿಗರಿ ಅನ್ನುವುದೇ ಇಲ್ಲ, ಹಾಗಾಗಿ ಆವಿ ತಾಗಿದ್ರೆ ಕೆಡುವುದು ಏನೂ ಇಲ್ಲ, ಬಾಳೆಲೆಯಲ್ಲಿ ನಾಲ್ಕು ಮಡಿಕೆ ಮಾಡಿ ಕಟ್ಟಿದ್ದು ಅರ್ಧ ಗಂಟೆ ಬಿಟ್ಟು ಬಿಡಿಸಿದ್ರೂ ಒಂದೊಂದೇ ಎದ್ದು ಬರ್ತದೆ. ಅತ್ತೆ ಮೂರು ತಿಂತಾರೆ. ಫೋನಿನಲ್ಲಿ ಆರ್ಡರ್ ತಗೊಳ್ಳುವುದಿಲ್ಲ ಅವರು. "ಅಕ್ಕ, ಐದು ನಿಮಿಷ ಕೂತ್ಕೊಳ್ಳಿ, ಈಗ ಎರೆದು ಕೊಡ್ತೇವೆ" ಅಂತಾರೆ. ಮೊದಮೊದಲು ಅದು ಕಿರಿಕಿರಿ ಅನ್ನಿಸ್ತಿತ್ತು, ನಾನ್ ಕಥೆ ಆದ ಮೇಲೆ ಆ ಐದು ನಿಮಿಷ ಕೂರುವುದೇ ಒಳ್ಳೇದು ಅನ್ನಿಸ್ತದೆ.

ಸಾಂಬಾರಿನ ವಿಷಯದಲ್ಲಿ ಅತ್ತೆಯೇ ಜಡ್ಜ್. ಮಾವ ಮದುವೆಗೆ ಮುಂಚೆ ಮುಂಬೈಯ ಮಾಟುಂಗದಲ್ಲಿ ಎ. ರಾಮ ನಾಯಕ್ ಅವರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಊಟ ಮಾಡ್ತಿದ್ದವರು, 1942ರಲ್ಲಿ ಶುರುವಾದದ್ದು ಅದು, ಅತ್ತೆಯನ್ನೂ ಎಷ್ಟೋ ಸಲ ಕರ್ಕೊಂಡು ಹೋಗಿದ್ರಂತೆ. ಆ ರುಚಿಗೆ ಹೋಲಿಸಿ ನೋಡುವ ಅತ್ತೆ ನಮ್ಮ ಹೋಟೆಲಿನ ಸಾಂಬಾರಿಗೆ "ಬೆಲ್ಲ ಒಂಚೂರು ಜಾಸ್ತಿ, ಆದ್ರೆ ತೆಂಗಿನಕಾಯಿ ಹುರಿದದ್ದು ಸರಿಯಾಗಿ ಉಂಟು" ಅಂದ್ರು. ನನಗೆ ಅಷ್ಟು ಸಾಕು.

ದುಡ್ಡಿನ ಲೆಕ್ಕ ಹೇಳುವುದಾದ್ರೆ ನಾಲ್ಕು ಜನರಿಗೆ 480ರ ಒಳಗೆ ಮುಗೀತದೆ. ಪಂಜಾಬಿ ಊಟ ಈಗ ಬೇಕಾದ್ರೆ ಭಾನುವಾರ ಅಲ್ಲಿಯೇ ಹೋಗಿ ಕೂತು ತಿಂತೇವೆ, ತಂದೂರಿನಿಂದ ನೇರ ತಟ್ಟೆಗೆ ಬಂದ್ರೆ ಅದೇ ನಾನ್ ಎಷ್ಟು ಚಂದ ಇರ್ತದೆ.

ಮತ್ತೊಂದು, 2018ರಲ್ಲಿ ಮಹಾರಾಷ್ಟ್ರದಲ್ಲಿ ಪ್ಲಾಸ್ಟಿಕ್ ಬ್ಯಾನ್ ಆದಾಗಿಂದ ನನ್ನ ಬ್ಯಾಗಿನಲ್ಲಿ ಒಂದು ಸ್ಟೀಲ್ ಡಬ್ಬಿ ಇರ್ತದೆ. ಪಂಜಾಬಿ ಹೋಟೆಲಿನವರು ಅದರಲ್ಲಿ ಹಾಕಿ ಕೊಡಲು ಒಪ್ಪುವುದಿಲ್ಲ, ಅಳತೆ ಸಿಗುವುದಿಲ್ಲ ಅಂತಾರೆ. ಉಡುಪಿ ಹೋಟೆಲಿನಲ್ಲಿ ಡಬ್ಬಿ ಮುಂದಿಟ್ರೆ ಸೌಟಿನಲ್ಲಿ ಮೂರು ಸಲ ಸಾಂಬಾರು ಹಾಕಿ, ಮುಚ್ಚಳ ಒತ್ತಿ, ಬಟ್ಟೆಯಿಂದ ಅಂಚು ಒರೆಸಿ ಕೊಡ್ತಾರೆ.