ಕಂದಾಯದ ರಸೀದಿ ನೋಡಿ ಸೈಟು ತಗೋಬೇಡಿ

ಮನೆ ಒಕ್ಕಲಾಗಿ ಒಂಬತ್ತು ತಿಂಗಳಾಯಿತು. ಇವತ್ತಿಗೂ ನಮಗೆ ಪರ್ಮನೆಂಟ್ ಕರೆಂಟ್ ಮೀಟರ್ ಇಲ್ಲ. ಕಾವೇರಿ ನೀರಿನ ಕನೆಕ್ಷನ್ ಇಲ್ಲ. ಮನೆ ಕಟ್ಟುವಾಗ ತಗೊಂಡ ಟೆಂಪರರಿ ಲೈನಿನಲ್ಲೇ ಫ್ಯಾನು, ಫ್ರಿಜ್ಜು, ಮಿಕ್ಸಿ ಎಲ್ಲ ಓಡುತ್ತಿದೆ. ನೀರಿಗೆ ಟ್ಯಾಂಕರ್. ಇದನ್ನು ಬರೆಯಲು ನನಗೆ ನಾಚಿಕೆ ಆಗುತ್ತದೆ, ಆದರೂ ಬರೆಯುತ್ತಿದ್ದೇನೆ. ಯಾಕೆಂದರೆ ನಮಗೆ ಸೈಟು ಮಾರಿದ ಅದೇ ಜನ ಪಕ್ಕದ ಜಮೀನಿನಲ್ಲಿ ಎರಡನೇ ಹಂತ ಅಂತ ಬೋರ್ಡು ಹಾಕಿ ಮತ್ತೆ ಸೈಟು ಮಾರುತ್ತಿದ್ದಾರೆ.

ನಾನು ಖಾಸಗಿ ಶಾಲೆಯಲ್ಲಿ ಟೀಚರ್. ನಮ್ಮ ಮನೆಯವರಿಗೆ ಪೀಣ್ಯದಲ್ಲಿ ಫ್ಯಾಕ್ಟರಿ ಕೆಲಸ. ಹದಿನಾಲ್ಕು ವರ್ಷ ಬಾಡಿಗೆ ಮನೆಯಲ್ಲಿದ್ದೆವು. 2007ರಲ್ಲಿ ಬೆಂಗಳೂರು ಪಾಲಿಕೆಗೆ 110 ಹಳ್ಳಿ ಸೇರಿಸಿದರಲ್ಲ, ಅದರಲ್ಲಿ ಒಂದು ಹಳ್ಳಿಯ ಅಂಚಿನಲ್ಲಿ 2022ರಲ್ಲಿ ಸೈಟು ತಗೊಂಡೆವು. ಬಿ ಖಾತಾ ಅಂತ ಗೊತ್ತಿತ್ತು. ಸುಳ್ಳು ಹೇಳುವುದಿಲ್ಲ, ಗೊತ್ತಿತ್ತು. ಆದರೆ ಬಿ ಖಾತಾ ಅಂದರೆ ಏನು ಅಂತ ಗೊತ್ತಿರಲಿಲ್ಲ. ಎಲ್ಲಾ ಸರಿ ಇರುವ ಜಾಗಕ್ಕೆ ಪಾಲಿಕೆ ಎ ಖಾತಾ ಕೊಡುತ್ತಿತ್ತು, ಅಪ್ರೂವಲ್ ಇಲ್ಲದ ಜಾಗಕ್ಕೆ ಬಿ ಖಾತಾ.

ಸೈಟು ತೋರಿಸಿದ ಹುಡುಗ ನಮ್ಮ ಹಾಸನದ ಕಡೆಯವನು. ಮೊದಲ ದಿನದಿಂದಲೇ ಅಕ್ಕಾ ಅಂದ. 'ಅಕ್ಕಾ, ನೀವು ನಮ್ಮ ಕಡೆಯವರು, ನಿಮಗೆ ಮೋಸ ಮಾಡಿ ನಾನು ಊರಿಗೆ ಹೋಗೋಕಾಗುತ್ತಾ?' ಅಂದ. ನಮ್ಮ ಅಮ್ಮನ ಜೊತೆಗೂ ಫೋನಿನಲ್ಲಿ ಮಾತಾಡಿದ. ಬಿ ಖಾತಾ ಯಾಕೆ ಅಂತ ಕೇಳಿದ್ದಕ್ಕೆ, 'ಬೆಂಗಳೂರಲ್ಲಿ ಅರ್ಧ ಊರು ಬಿ ಖಾತಾನೇ ಅಕ್ಕಾ, ಅಕ್ರಮ ಸಕ್ರಮ ಬರ್ತಾ ಇದೆ, ಮುಂದಿನ ವರ್ಷ ಎಲ್ಲಾ ಎ ಆಗುತ್ತೆ' ಅಂದ. ದಂಡ ಕಟ್ಟಿಸಿಕೊಂಡು ಅಕ್ರಮ ಕಟ್ಟಡ ಸಕ್ರಮ ಮಾಡುವ ಆ ಯೋಜನೆಗೆ ಸುಪ್ರೀಂ ಕೋರ್ಟು 2017ರ ಜನವರಿಯಲ್ಲೇ ತಡೆ ಕೊಟ್ಟಿತ್ತು. ಐದು ವರ್ಷದ ಹಿಂದೆ ನಿಂತು ಹೋದ ಬಸ್ಸಿಗೆ ನನ್ನನ್ನು ಕಾಯಲು ಕೂರಿಸಿದ.

ನಾನು ನಂಬಿದ್ದು ಯಾವುದನ್ನು ಗೊತ್ತಾ? ಕಂದಾಯದ ರಸೀದಿ. ಅವನು ಒಂದು ಫೈಲು ಕೊಟ್ಟ. ಪ್ರತಿ ವರ್ಷದ ಕಂದಾಯ ಕಟ್ಟಿದ ರಸೀದಿ, ಖಾತಾ ಎಕ್ಸ್‌ಟ್ರಾಕ್ಟ್, ಇಸಿ (ಋಣಭಾರ ಪತ್ರ), ಎಲ್ಲಾ ಪ್ಲಾಸ್ಟಿಕ್ ಹಾಳೆಯೊಳಗೆ ನೀಟಾಗಿ. ಸರ್ಕಾರ ದುಡ್ಡು ತಗೊಂಡು ರಸೀದಿ ಕೊಟ್ಟಿದೆ ಅಂದರೆ ಒಪ್ಪಿದೆ ಅಂತಲೇ ಅಲ್ವಾ? ನಾನು ಹಾಗೇ ಅಂದುಕೊಂಡೆ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಫೋಟೋ ತೆಗೆದು, ಹೆಬ್ಬೆಟ್ಟು ಒತ್ತಿಸಿ ರಿಜಿಸ್ಟರ್ ಮಾಡಿಕೊಟ್ಟ ಮೇಲಂತೂ ಇನ್ನೇನು ಅನುಮಾನ. ಸರ್ಕಾರಿ ಬ್ಯಾಂಕಿನವರು ಬಿ ಖಾತಾಗೆ ಸಾಲ ಇಲ್ಲ ಅಂದಾಗಲಾದರೂ ಎಚ್ಚರ ಆಗಬೇಕಿತ್ತು. ಆಗಲಿಲ್ಲ. ಜಾಸ್ತಿ ಬಡ್ಡಿಗೆ ಫೈನಾನ್ಸಿನಲ್ಲಿ ಸಾಲ ಮಾಡಿದೆವು. ನನ್ನ ಸರ, ಎರಡು ಬಳೆ ಹೋಯಿತು.

30x40 ನೋಡಲು ಹೋದವರು ನಾವು. ಅವನು 30x50 ತೋರಿಸಿದ. 'ಹಿಂದೆ 10 ಅಡಿ ಜಾಸ್ತಿ ಸಿಗುತ್ತೆ ಅಕ್ಕಾ, ಇಂಥ ಬಿಟ್ ಮತ್ತೆ ಸಿಗಲ್ಲ, ಹಿಂದೆ ಯಾರೂ ಮನೆ ಕಟ್ಟಲ್ಲ, ಗಾಳಿ ಬೆಳಕು ಪೂರ್ತಿ ನಿಮ್ದೇ.' ಹಿಂದೆ ಒಂದು ಹಳ್ಳ ಇತ್ತು. ಬೇಸಿಗೆ, ಒಣಗಿತ್ತು. ಪ್ಲಾಸ್ಟಿಕ್ ಕವರು, ಲಂಟಾನ ಗಿಡ, ಒಂದು ಹೊಂಗೆ ಮರ. ಇದೇನು ಅಂತ ನಮ್ಮ ಮನೆಯವರು ಕೇಳಿದರು. 'ಸುಮ್ನೆ ಮಳೆ ನೀರು ಹೋಗೋ ಮೋರಿ ಅಣ್ಣಾ' ಅಂದ. ರಾಜಕಾಲುವೆ ಪಕ್ಕ ಕಟ್ಟದೆ ಬಿಡಬೇಕಾದ ಜಾಗ, ಬಫರ್ ಅಂತೆಲ್ಲ ಪೇಪರಿನಲ್ಲಿ ಬರುತ್ತಲ್ಲ ಅಂದಿದ್ದಕ್ಕೆ, 'ಬಫರ್ ಎಲ್ಲಾ ಸುಪ್ರೀಂ ಕೋರ್ಟೇ ತೆಗೆದುಬಿಟ್ಟಿದೆ ಅಣ್ಣಾ' ಅಂದ. ಅರ್ಧ ಸತ್ಯ ಇದು. ಪೂರ್ತಿ ಸುಳ್ಳಿಗಿಂತ ಕೆಟ್ಟದ್ದು. 2019ರ ಮಾರ್ಚಿನಲ್ಲಿ ಕೋರ್ಟು ರದ್ದು ಮಾಡಿದ್ದು ಹಸಿರು ನ್ಯಾಯಮಂಡಳಿ ಹೇಳಿದ್ದ ದೊಡ್ಡ ಅಳತೆಯನ್ನು. ಮಾಸ್ಟರ್ ಪ್ಲಾನಿನ ಹಳೇ ಅಳತೆ ಹಾಗೇ ಇದೆ. ದೊಡ್ಡ ಕಾಲುವೆಗೆ 50 ಮೀಟರ್, ಎರಡನೇ ದರ್ಜೆಯದಕ್ಕೆ 25, ಮೂರನೆಯದಕ್ಕೆ 15, ಅದೂ ಕಾಲುವೆಯ ಮಧ್ಯದಿಂದ ಲೆಕ್ಕ. ಇದು ನನಗೆ ಗೊತ್ತಾಗಿದ್ದು ಮನೆ ಎದ್ದು ನಿಂತ ಮೇಲೆ.

ಕಟ್ಟುವಾಗ ಅವನೇ ಒಬ್ಬ ಇಂಜಿನಿಯರನ್ನು ಕರೆತಂದ. 35 ಸಾವಿರ ತಗೊಂಡು ನೀಲಿ ಗೆರೆಯ ಪ್ಲಾನು ಕೊಟ್ಟರು, ಕೆಳಗೆ ದುಂಡನೆಯ ಸೀಲು, ಸಹಿ. ಪ್ಲಾನ್ ಆಯ್ತಲ್ಲ ಅಂತ ನಾವು ಪೂಜೆ ಮಾಡಿ ಪಾಯ ತೆಗೆದೆವು.

2025ರ ಏಪ್ರಿಲ್. ಪರ್ಮನೆಂಟ್ ಮೀಟರಿಗೆ ಅರ್ಜಿ ಹಾಕಲು ಕರೆಂಟ್ ಆಫೀಸಿಗೆ ಹೋದೆ. ಅಲ್ಲಿದ್ದವರು ಒಳ್ಳೆಯವರು, ವಯಸ್ಸಾದವರು. ಪ್ಲಾನನ್ನು ಬಿಡಿಸಿ, ಹಿಂದೆ ಮುಂದೆ ತಿರುಗಿಸಿ, ಕಿಟಕಿ ಬೆಳಕಿಗೆ ಹಿಡಿದರು. 'ಮೇಡಂ, ಎಲ್‌ಪಿ ನಂಬರ್ ಎಲ್ಲಿದೆ?' ಅಂದರು. ನನಗೆ ಅರ್ಥ ಆಗಲಿಲ್ಲ. ಪಾಲಿಕೆ ಮಂಜೂರಾತಿಯ ನಂಬರ್ ಅಂತ ಆಮೇಲೆ ಗೊತ್ತಾಯಿತು. 'ಇದು ಇಂಜಿನಿಯರ್ ಬರೆದ ಡ್ರಾಯಿಂಗ್ ಅಷ್ಟೇ. ಪಾಲಿಕೆ ಮಂಜೂರು ಮಾಡಿದ ಪ್ಲಾನ್ ಎಲ್ಲಿ? ಓಸಿ ಎಲ್ಲಿ?' ಓಸಿ ಅಂದರೆ ಕಟ್ಟಿದ ಮನೆಯಲ್ಲಿ ವಾಸ ಮಾಡಬಹುದು ಅಂತ ಪಾಲಿಕೆ ಕೊಡುವ ಪತ್ರ. ನಾನು ಬ್ಯಾಗಿನಿಂದ ಕಂದಾಯದ ರಸೀದಿ ತೆಗೆದೆ. ಒಂದೊಂದೇ ಅವರ ಮೇಜಿನ ಮೇಲೆ ಹರಡಿದೆ, ಮಕ್ಕಳು ಮಾರ್ಕ್ಸ್ ಕಾರ್ಡು ತೋರಿಸಿದ ಹಾಗೆ. ಒಂದು ವರ್ಷವೂ ಬಾಕಿ ಇಲ್ಲ ಸಾರ್ ಅಂದೆ. ಅವರು ರಸೀದಿಗಳನ್ನು ಜೋಡಿಸಿ ನನ್ನ ಕೈಗೆ ವಾಪಸ್ ಕೊಟ್ಟು, 'ಕಂದಾಯ ಕಟ್ಟಿದ್ರೆ ಕಟ್ಟಡ ಸಕ್ರಮ ಆಗಲ್ಲಮ್ಮ' ಅಂದರು. ಅಮ್ಮ ಅಂದರು. ಹಿಂದೆ ಕ್ಯೂನಲ್ಲಿ ಜನ ಇದ್ದರು. ನನ್ನ ಶಾಲೆಯ ಒಬ್ಬ ಹುಡುಗನ ಅಪ್ಪನೂ ಇದ್ದರು.

ಮನೆಗೆ ಬಂದು ಒರಿಜಿನಲ್ ಖಾತಾ ತೆಗೆದು ನೋಡಿದೆ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು, ಇದು ಕಂದಾಯ ವಸೂಲಿಗೆ ಮಾತ್ರ ಅಂತ. ಅಡ್ವಾನ್ಸ್ ಕೊಡುವ ಮೊದಲು ಅವನು ಕೊಟ್ಟ ಜೆರಾಕ್ಸ್ ಹುಡುಕಿ ಪಕ್ಕದಲ್ಲಿಟ್ಟೆ. ಜೆರಾಕ್ಸಿನಲ್ಲಿ ಆ ಸಾಲುಗಳೇ ಇಲ್ಲ. ಕಾಗದವನ್ನು ಸ್ವಲ್ಪ ಕೆಳಗೆ ಸರಿಸಿ ಜೆರಾಕ್ಸ್ ಮಾಡಿದ್ದಾರೆ. ಬೇಕಂತಲೇ ಮಾಡಿದ್ದಾರೆ. ಮೇಲ್ಗಡೆ ಅಷ್ಟು ಖಾಲಿ ಜಾಗ ಯಾಕಿದೆ ಅಂತ ನಾನು ಒಂದು ಸಲವೂ ಯೋಚನೆ ಮಾಡಲಿಲ್ಲ. ಮೂರು ವರ್ಷ ನನ್ನ ಬೀರುವಿನಲ್ಲೇ ಎರಡೂ ಕಾಗದ ಇದ್ದವು.

ಆಮೇಲೆ ತಿಳಿದುಕೊಂಡೆ. 2024ರ ಡಿಸೆಂಬರ್ 17ಕ್ಕೆ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿದೆ. ಕಟ್ಟಡಕ್ಕೆ ಓಸಿ ಅಥವಾ ಸಿಸಿ (ಕಟ್ಟಡ ಮುಗಿದಿದೆ ಅನ್ನುವ ಪತ್ರ) ನೋಡಿಯೇ ಕರೆಂಟು, ನೀರು, ಒಳಚರಂಡಿ ಕೊಡಬೇಕು. ಓಸಿ ಬೇಕಂದರೆ ಮಂಜೂರಾದ ಪ್ಲಾನ್ ಬೇಕು. ಪ್ಲಾನ್ ಬೇಕಂದರೆ ಎ ಖಾತಾ ಬೇಕು. ಎ ಖಾತಾ ಬೇಕಂದರೆ ಲೇಔಟಿಗೇ ಅಪ್ರೂವಲ್ ಇರಬೇಕಿತ್ತು. ಒಂದಕ್ಕೊಂದು ಕೊಂಡಿ. ನನ್ನ ಕೈಯಲ್ಲಿದ್ದದ್ದು ರಸೀದಿ ಮಾತ್ರ.

ಬಾಡಿಗೆ ಮನೆಯಲ್ಲಿದ್ದಾಗ ಗೃಹಜ್ಯೋತಿಯಲ್ಲಿ ನಮಗೆ ಸೊನ್ನೆ ಬಿಲ್ಲು ಬರುತ್ತಿತ್ತು. 2025ರಲ್ಲಿ ಮನೆ ಮೀಟರಿಗೆ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ ದರ ಇತ್ತು, ಗೃಹಜ್ಯೋತಿಯ ಮಿತಿಯೊಳಗೆ ಅದೂ ಇಲ್ಲ. ಟೆಂಪರರಿ ಕನೆಕ್ಷನ್‌ಗೆ ಗೃಹಜ್ಯೋತಿ ಇಲ್ಲ, ದರವೂ ಹೆಚ್ಚು ಕಡಿಮೆ ಎರಡರಷ್ಟು. ಸ್ವಂತ ಮನೆ ಅಂತ ಬಂದು ತಿಂಗಳಿಗೆ ಎರಡು ಸಾವಿರದ ಹತ್ತಿರ ಕಟ್ಟುತ್ತಿದ್ದೇವೆ. 'ಕರೆಂಟು ಫ್ರೀ ಅಲ್ವೇನೇ?' ಅಂತ ಅಮ್ಮ ಪ್ರತಿ ಸಲ ಕೇಳುತ್ತಾಳೆ. ಏನು ಹೇಳಲಿ.

ಈಗ ಅವನ ಉತ್ತರಗಳನ್ನು ಕೇಳಿ. ಮೊದಲ ಫೋನಿಗೆ, 'ಟೆನ್ಷನ್ ಬೇಡ ಅಕ್ಕಾ, ನಮ್ಮ ಹುಡುಗ ಒಬ್ಬ ಇದ್ದಾನೆ, 40 ಸಾವಿರ ರೆಡಿ ಮಾಡಿ.' ಕೊಡಲಿಲ್ಲ, ಅಷ್ಟಾದರೂ ಬುದ್ಧಿ ಬಂದಿತ್ತು. ಹತ್ತು ದಿನ ಬಿಟ್ಟು, 'ರೂಲ್ಸ್ ಈಗ ಬಂದಿದ್ದು ಅಕ್ಕಾ, ನಾನು ಕೊಡಿಸಿದಾಗ ಇರಲಿಲ್ಲ.' ಲೇಔಟಿಗೆ ಅಪ್ರೂವಲ್ ತಗೋಬೇಕು ಅನ್ನುವ ಕಾನೂನು 1961ರಿಂದ ಇದೆ, ಅವನು ಹುಟ್ಟುವ ಮೊದಲಿನಿಂದ. ಅದನ್ನು ಹೇಳಿದೆ. ಆಮೇಲೆ ಫೋನ್ ಎತ್ತುವುದು ನಿಲ್ಲಿಸಿದ. ನಾನು ವಾಟ್ಸಾಪಿನಲ್ಲಿ ಆ ಎರಡು ಕಾಗದದ ಫೋಟೋ ಪಕ್ಕ ಪಕ್ಕ ಇಟ್ಟು ಕಳಿಸಿದೆ. ಎರಡು ನೀಲಿ ಗೆರೆ ಬಂತು. ರಾತ್ರಿ ಹತ್ತೂವರೆಗೆ ಉತ್ತರ: 'ಮೇಡಂ, ನೀವು ಓದಿದವರು, ಟೀಚರ್ ಬೇರೆ. ಸೈನ್ ಮಾಡೋವಾಗ ಒರಿಜಿನಲ್ ನೋಡ್ಕೋಬೇಕಿತ್ತು.'

ಮೇಡಂ ಅಂತೆ. ಮೂರು ವರ್ಷ ಅಕ್ಕಾ ಅಂದವನು, ಒಕ್ಕಲಿಗೆ ಬಂದು ಊಟ ಮಾಡಿ ಹೋದವನು. ಮೋಸ ಹೋಗಿದ್ದೇನೆ ಅಂತ ನನಗೆ ಪೂರ್ತಿ ಅರ್ಥ ಆಗಿದ್ದು ಕರೆಂಟ್ ಆಫೀಸಿನಲ್ಲಲ್ಲ, ಆ ಮೆಸೇಜಿನಲ್ಲಿ. ಅಕ್ಕ ಹೋಗಿ ಮೇಡಂ ಆದಾಗ. ಓದಿದವರು ಅನ್ನುವ ಮಾತು ಇನ್ನೂ ಚುಚ್ಚುತ್ತದೆ.

ಲೇಔಟಿನ ಓನರ್ ಹತ್ತಿರ ಹೋದರೆ ಕುರ್ಚಿಯನ್ನೂ ಕೊಡಲಿಲ್ಲ. 'ನಾನು ಜಾಗ ಮಾರಿದ್ದೀನಿ, ಕರೆಂಟ್ ಮಾರಿಲ್ಲ' ಅಂದರು. ಅವರದೇ ಬಣ್ಣದ ಕಾಗದದಲ್ಲಿ 'ಕಾವೇರಿ ನೀರು, ಕರೆಂಟು, ಯುಜಿಡಿ' (ಒಳಚರಂಡಿ) ಅಂತ ಅಚ್ಚು ಹಾಕಿದೆ. ತೋರಿಸಿದೆ. ಅದು ಬ್ರೋಕರ್ ಮಾಡಿಸಿದ್ದು ಅಂದರು.

2025ರ ಅಕ್ಟೋಬರಿನಲ್ಲಿ ಒಂದು ಆಸೆ ಹುಟ್ಟಿತ್ತು. 1200 ಚದರ ಅಡಿವರೆಗಿನ ಸೈಟಿನ ಮನೆಗಳಿಗೆ ಓಸಿ ವಿನಾಯಿತಿ ಅಂತ ಸರ್ಕಾರ ಹೇಳಿತು. ನಮ್ಮದು 1500. ಆ 10 ಅಡಿ. ಜಾಸ್ತಿ ಸಿಗುತ್ತೆ ಅಕ್ಕಾ ಅಂದನಲ್ಲ, ಅದೇ 10 ಅಡಿ. ನವೆಂಬರಿನಲ್ಲಿ ಮಾರ್ಗಸೂಚಿ ದರದ ಶೇಕಡಾ 5 ಕಟ್ಟಿದರೆ ಬಿ ಖಾತಾ ಸೈಟನ್ನು ಎ ಖಾತಾ ಮಾಡುವ ಯೋಜನೆ ಬಂತು. ದುಡ್ಡು ಹೊಂದಿಸುತ್ತಾ, ಈ ಸಲ ಮೊದಲೇ ಕೇಳೋಣ ಅಂತ ಗೊತ್ತಿರುವ ಸರ್ವೇಯರ್ ಒಬ್ಬರನ್ನು ಕರೆದೆವು. ಗ್ರಾಮ ನಕ್ಷೆ ಬಿಡಿಸಿ ನೋಡಿದರು. ಹಿಂದಿನ ಮೋರಿ ಮೋರಿಯಲ್ಲ, ಎರಡನೇ ದರ್ಜೆಯ ರಾಜಕಾಲುವೆ. ಟೇಪು ಹಿಡಿದರು. ಕಾಲುವೆಯ ಮಧ್ಯದಿಂದ ನಮ್ಮ ಹಿಂದಿನ ಕಾಂಪೌಂಡಿಗೆ 62 ಅಡಿ. ಬಿಡಬೇಕಾದ್ದು 25 ಮೀಟರ್, ಅಂದರೆ 82 ಅಡಿ. ನಮ್ಮ ಸೈಟಿನ ಹಿಂದಿನ 20 ಅಡಿ ಬಫರಿನಲ್ಲಿದೆ. ಅಲ್ಲಿ ನನ್ನ ಅಡುಗೆಮನೆ ಇದೆ, ಬಚ್ಚಲು ಇದೆ, ಅಮ್ಮ ಮಲಗುವ ರೂಮು ಇದೆ. 'ಈ ಸ್ಥಿತಿಯಲ್ಲಿ ಅರ್ಜಿ ಹಾಕಿದ್ರೂ ಕಷ್ಟ' ಅಂತ ಟೇಪು ಸುತ್ತಿಕೊಂಡು ಹೋದರು.

ಸೈಟು ನೋಡುತ್ತಿರುವವರು ದಯವಿಟ್ಟು ಇಷ್ಟು ಮಾಡಿ. ಅಡ್ವಾನ್ಸ್ ಕೊಡುವ ಮೊದಲು ಲೇಔಟಿನ ಅಪ್ರೂವಲ್ ಕಾಪಿ ಕೇಳಿ, ಸೈಟಿಂದಲ್ಲ, ಲೇಔಟಿಂದು. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಕೇಳಿ, 500 ಚದರ ಮೀಟರ್ ದಾಟಿದ ಲೇಔಟಿಗೆ ಅದು ಬೇಕೇ ಬೇಕು. ನಮ್ಮದಕ್ಕೆ ಇರಲಿಲ್ಲ, ನಾನು ಕೇಳಲೂ ಇಲ್ಲ. ಸೈಟಿನಲ್ಲೇ ನಿಂತು ಸರ್ಕಾರದ ದಿಶಾಂಕ್ ಆಪ್ ತೆಗೆದು ಸರ್ವೆ ನಂಬರ್ ನೋಡಿ, ಗ್ರಾಮ ನಕ್ಷೆ ತೆಗೆಸಿ. ಮಳೆಗಾಲದಲ್ಲಿ ಒಂದು ಸಲ ಹೋಗಿ. ಸರ್ಕಾರಿ ಬ್ಯಾಂಕು ಸಾಲ ಕೊಡಲ್ಲ ಅಂದರೆ ಯಾಕೆ ಅಂತ ಅವರನ್ನೇ ಕೂತು ಕೇಳಿ, ಬ್ರೋಕರನ್ನಲ್ಲ. ಜೆರಾಕ್ಸ್ ನಂಬಬೇಡಿ. ಅಕ್ಕಾ ಅಂದರೆ ಕರಗಬೇಡಿ.

ನಮ್ಮ ಸಾಲಿನಲ್ಲಿ ಇದೇ ಸ್ಥಿತಿಯ ಏಳು ಮನೆ ಇದೆ. ಎಲ್ಲರೂ ಸೇರಿ ರೇರಾಗೆ ದೂರು ಬರೆಯುತ್ತಿದ್ದೇವೆ. ಬಣ್ಣದ ಕಾಗದ, ಅಗ್ರಿಮೆಂಟು, ಚೆಕ್ ನಂಬರ್ ಎಲ್ಲ ಒಟ್ಟು ಮಾಡುತ್ತಿದ್ದೇವೆ. ಇಬ್ಬರ ಹತ್ತಿರ ಅದೇ ಜೆರಾಕ್ಸ್ ಸಿಕ್ಕಿದೆ, ಅದೇ ಥರ ಮೇಲ್ಗಡೆ ಖಾಲಿ, ಕೆಳಗಡೆ ಸಾಲು ಇಲ್ಲ.

ಹೋದ ಭಾನುವಾರ ಬಟ್ಟೆ ಒಣಹಾಕಲು ಮೇಲೆ ಹೋಗಿದ್ದೆ. ಪಕ್ಕದ ಜಮೀನಿನಲ್ಲಿ ಅವನು ನಿಂತಿದ್ದ. ಜೊತೆಗೆ ಒಬ್ಬ ಗಂಡ, ಹೆಂಡತಿ, ಆಕೆಯ ಕಂಕುಳಲ್ಲಿ ಮಗು. ಹಳ್ಳದ ಕಡೆ ಕೈ ತೋರಿಸಿ ಏನೋ ಹೇಳುತ್ತಿದ್ದ. ಅಕ್ಕಾ ಅನ್ನುವುದು ಮಾತ್ರ ನನಗೆ ಕೇಳಿಸಿತು. ಬಕೆಟ್ ಅಲ್ಲೇ ಬಿಟ್ಟು ಕೆಳಗೆ ಓಡಿದೆ. ಗೇಟು ದಾಟುವಷ್ಟರಲ್ಲಿ ಅವರು ಕಾರು ಹತ್ತಿ ಹೋಗಿದ್ದರು. ನೀವು ಅವರಾಗಿದ್ದರೆ, ಅಥವಾ ಅವರು ನಿಮಗೆ ಗೊತ್ತಿದ್ದರೆ, ಅಡ್ವಾನ್ಸ್ ಕೊಡಬೇಡಿ. ನಮ್ಮ ಮನೆಗೆ ಬನ್ನಿ, ಎರಡೂ ಕಾಗದ ತೋರಿಸುತ್ತೇನೆ.