ಆರ್‌ಡಿಪಿಯೋ, ವಿಎನ್‌ಸಿಯೋ?

ದೂರದ ಕಂಪ್ಯೂಟರ್‌ನ ಪರದೆಯನ್ನು ನಿಮ್ಮ ಕಂಪ್ಯೂಟರ್‌ನಲ್ಲೇ ನೋಡಿ ನಡೆಸಲು ಇರುವ ಎರಡು ವಿಧಾನಗಳು ಆರ್‌ಡಿಪಿ ಮತ್ತು ವಿಎನ್‌ಸಿ. ಇವುಗಳಲ್ಲಿ ಒಂದನ್ನು ಆರಿಸುವಾಗ ನಿಮ್ಮ ಕೈಯಲ್ಲಿರುವ ಕಂಪ್ಯೂಟರ್‌ಗಿಂತ ಆಚೆ ಬದಿಯಲ್ಲಿ ಯಾವುದಿದೆ ಎಂಬುದೇ ಮುಖ್ಯ. ಅದು ವಿಂಡೋಸ್ ಪ್ರೊ ಆಗಿದ್ದರೆ ಆರ್‌ಡಿಪಿ ಒಳಗೇ ಇದೆ, ಚಾಲೂ ಮಾಡಿದರೆ ಸಾಕು. ಹೋಮ್ ಆವೃತ್ತಿ ಮಾತ್ರ ಹೊರಗಿನ ಆರ್‌ಡಿಪಿ ಸಂಪರ್ಕವನ್ನು ಸ್ವೀಕರಿಸುವುದಿಲ್ಲ. ಇದು ತಿಳಿಯದೆ ಫೈರ್‌ವಾಲ್ (ಹೊರಗಿನ ಸಂಪರ್ಕಗಳನ್ನು ತಡೆಯುವ ಕಾವಲು ವ್ಯವಸ್ಥೆ) ಕೆದಕುತ್ತ ಇಡೀ ದಿನ ಕಳೆಯುವವರನ್ನು ಕಂಡರೆ ಸಂಕಟವಾಗುತ್ತದೆ. ಹೋಮ್ ಇದ್ದಲ್ಲಿ ವಿಎನ್‌ಸಿ ಹಾಕಿಕೊಳ್ಳಿ. ಮ್ಯಾಕ್‌ಗೂ ಅದೇ ಸಲೀಸು.

ನಿಧಾನಗತಿಯ ಜಾಲದಲ್ಲಿ ಸಾಮಾನ್ಯವಾಗಿ ಆರ್‌ಡಿಪಿಯೇ ಚುರುಕು.

ಲಿನಕ್ಸ್‌ಗೆ ಎಕ್ಸ್‌ಆರ್‌ಡಿಪಿ (ಲಿನಕ್ಸ್‌ನಲ್ಲಿ ಆರ್‌ಡಿಪಿ ಸಂಪರ್ಕ ಸ್ವೀಕರಿಸುವ ತಂತ್ರಾಂಶ) ಮೂಲಕ ಹೋದಾಗ ಪಾಸ್‌ವರ್ಡ್ ಒಪ್ಪಿಕೊಂಡ ಮೇಲೆ ಬರೀ ಕಪ್ಪು ಪರದೆ ಬರುತ್ತದೆಯೇ? ಅದೇ ಬಳಕೆದಾರ ಆ ಯಂತ್ರದಲ್ಲಿ ಮೊದಲೇ ಲಾಗಿನ್ ಆಗಿರಬಹುದು. ಅಲ್ಲಿ ಲಾಗ್‌ಔಟ್ ಮಾಡಿ ಮತ್ತೆ ಪ್ರಯತ್ನಿಸಿ. ಎದುರಿಗೆ ಕುಳಿತವರು ನೋಡುತ್ತಿರುವ ಪರದೆಯನ್ನೇ ನೀವೂ ನೋಡಿ ನೆರವಾಗಬೇಕಿದ್ದರೆ ವಿಎನ್‌ಸಿ ಒಳ್ಳೆಯದು. ಸಂಪರ್ಕವೇ ಸಿಗದಿದ್ದರೆ ಪೋರ್ಟ್ (ಸಂಪರ್ಕ ಒಳಬರುವ ಸಂಖ್ಯೆಯುಳ್ಳ ಬಾಗಿಲು) ತೆರೆದಿದೆಯೇ ನೋಡಿ: ಆರ್‌ಡಿಪಿಗೆ 3389, ವಿಎನ್‌ಸಿಗೆ ಸಾಮಾನ್ಯವಾಗಿ 5900 ಅಥವಾ 5901.

ಭದ್ರತೆಯಲ್ಲಿ ಹಳೆಯ ಬಗೆಯ ವಿಎನ್‌ಸಿ ತೀರಾ ದುರ್ಬಲ. ಪಾಸ್‌ವರ್ಡ್‌ನ ಮೊದಲ 8 ಅಕ್ಷರಗಳನ್ನಷ್ಟೇ ಗಮನಿಸುತ್ತದೆ. ಅಂಥ ವಿಎನ್‌ಸಿಯನ್ನು ಎಸ್‌ಎಸ್‌ಎಚ್ ಸುರಂಗದೊಳಗೇ (ಎರಡು ಕಂಪ್ಯೂಟರ್‌ಗಳ ನಡುವಿನ ಗೂಢಲಿಪೀಕರಿಸಿದ ಸಂಪರ್ಕ) ಓಡಿಸಿ. ಆರ್‌ಡಿಪಿಯನ್ನೂ ವಿಪಿಎನ್ (ಅಂತರ್ಜಾಲದ ಮೇಲೆ ಹಾಯುವ ಸುರಕ್ಷಿತ ಖಾಸಗಿ ಜಾಲ) ಇಲ್ಲದೆ ಅಂತರ್ಜಾಲಕ್ಕೆ ತೆರೆದಿಡಬೇಡಿ.