ಹತ್ತು ವರ್ಷದ ವೀಸಾ ಇದೆ ಅಂತ ಅಪ್ಪ ಅಮ್ಮನನ್ನು ಪದೇ ಪದೇ ಅಮೆರಿಕಾಕ್ಕೆ ಕಳಿಸುವವರು ಇದನ್ನು ಓದಿ

ಮಗಳ ಬಾಣಂತನ, ಮೊಮ್ಮಗುವಿನ ಆರೈಕೆ ಅಂತ ಅಮೆರಿಕಾಕ್ಕೆ ಹೋಗಿ ಬರುವ ಅಮ್ಮಂದಿರು ನಮ್ಮ ಕಡೆ ಈಗ ಊರಿಗೆ ನಾಲ್ಕು ಜನ ಸಿಗುತ್ತಾರೆ. ತೀರ್ಥಹಳ್ಳಿ, ಹೊಸನಗರ, ಸಾಗರ, ಎಲ್ಲಿ ಬೇಕಾದರೂ ಕೇಳಿ. ಅಂಥವರನ್ನು ಕಳಿಸುವ ಮಕ್ಕಳಿಗಾಗಿ ಬರೆಯುತ್ತಿದ್ದೇನೆ. ನಮ್ಮ ಅಮ್ಮನನ್ನು ಅಬುಧಾಬಿಯಿಂದಲೇ ವಾಪಸ್ ಕಳಿಸಿದರು. ವೀಸಾ ಇತ್ತು. ಹತ್ತು ವರ್ಷದ್ದು, ಇನ್ನೂ ಎಷ್ಟೋ ವರ್ಷ ಬಾಕಿ ಇತ್ತು. ಆದರೂ ಕಳಿಸಿದರು, ಅದೂ ವೀಸಾ ಮೇಲೆ ರದ್ದು ಅಂತ ಸೀಲ್ ಹೊಡೆದು.

ಟಿಕೆಟ್ ಮಾಡಿಕೊಟ್ಟ ಏಜೆಂಟ್ ಹೆಸರು ಇಲ್ಲಿ ಹಾಕುವುದಿಲ್ಲ. ಹಾಕಬೇಕು ಅಂತ ಕೈ ತುರಿಸುತ್ತಿದೆ, ಆದರೆ ದೂರು ಕೊಟ್ಟಿರುವುದರಿಂದ ವಕೀಲರು ಬೇಡ ಅಂದಿದ್ದಾರೆ. ಶಿವಮೊಗ್ಗದವನು. ಅಷ್ಟು ಸಾಕು.

ತಂಗಿ ಇರುವುದು ನ್ಯೂಜೆರ್ಸಿಯಲ್ಲಿ. ಅಮ್ಮನದು ಬಿ1/ಬಿ2 ವೀಸಾ, ಅಂದರೆ ಸ್ವಲ್ಪ ದಿನ ಹೋಗಿ ಬರುವವರದ್ದು, ಎಲ್ಲರ ಅಪ್ಪ ಅಮ್ಮಂದಿರಿಗೂ ಸಿಗುವಂಥದ್ದೇ. ಹೋದಾಗಲೆಲ್ಲ ಏರ್‌ಪೋರ್ಟಿನಲ್ಲಿ ಆರು ತಿಂಗಳು ಕೊಡುತ್ತಿದ್ದರು, ಅದು ಮುಗಿಯುವ ಹೊತ್ತಿಗೆ ಅಮ್ಮ ವಾಪಸ್. ಒಂದೇ ಒಂದು ದಿನ ಜಾಸ್ತಿ ಉಳಿದಿಲ್ಲ. ಈ ಸಲ ಬಂದು ಅಡಿಕೆ ಕೊಯ್ಲು ಮುಗಿಸಿ ಇನ್ನೂ ಕೂತಿರಲಿಲ್ಲ, ತಂಗಿಯ ರಜೆ ಮುಗಿಯಿತು, ಮಗುವನ್ನು ಬಿಡುವುದು ಎಲ್ಲಿ ಅಂತ ಫೋನ್ ಮೇಲೆ ಫೋನ್. ಸರಿ, ಹೊರಡು ಅಂದೆವು.

ನಾನು ಏಜೆಂಟ್‌ಗೆ ಬಾಯಿಬಿಟ್ಟು ಕೇಳಿದ್ದೇನೆ. ಇಷ್ಟು ಬೇಗ ಮತ್ತೆ ಹೋದರೆ ತೊಂದರೆ ಆಗಲ್ವಾ ಅಂತ. ಅವನು ನಕ್ಕ. "ಹತ್ತು ವರ್ಷದ ವೀಸಾ ಸಾರ್, ಬಸ್ ಪಾಸ್ ಇದ್ದಂಗೆ. ಯಾವಾಗ ಬೇಕಾದ್ರೂ ಹತ್ತಿ, ಯಾವಾಗ ಬೇಕಾದ್ರೂ ಇಳೀರಿ." ಪಕ್ಕದಲ್ಲಿ ಅಮ್ಮನೂ ಕೂತಿದ್ದಳು. ತೋಟದ ಪಹಣಿ, ಮನೆ ಕಾಗದ ಏನಾದರೂ ಇಟ್ಟುಕೊಳ್ಳಬೇಕಾ ಅಂತ ಅವಳೇ ಕೇಳಿದಳು. "ಅಯ್ಯೋ ಪಹಣಿ ಗಿಹಣಿ ಯಾರು ನೋಡ್ತಾರಮ್ಮಾ, ನಾನೇ ಒಂದು ಫೈಲ್ ಮಾಡಿಕೊಡ್ತೀನಿ, ಅದನ್ನ ಕೊಟ್ರೆ ಸಾಕು, ಬಾಯೇ ಬಿಡೋದು ಬೇಡ." ಆ ಫೈಲಿಗೆ ಎಂಟು ಸಾವಿರ ರೂಪಾಯಿ. ಟಿಕೆಟ್ ದುಡ್ಡು ಬೇರೆ.

ಬಸ್ ಪಾಸಂತೆ! ವೀಸಾ ಅನ್ನುವುದು ಬಾಗಿಲ ತನಕ ಹೋಗುವುದಕ್ಕೆ ಮಾತ್ರ. ಒಳಗೆ ಬಿಡಬೇಕಾ, ಎಷ್ಟು ದಿನಕ್ಕೆ ಬಿಡಬೇಕು ಅನ್ನುವುದನ್ನು ಅಲ್ಲಿ ಕೂತ ಇಮಿಗ್ರೇಷನ್ ಅಧಿಕಾರಿ ತೀರ್ಮಾನ ಮಾಡುತ್ತಾನೆ. ಐ-94 ಅಂತ ಒಂದು ದಾಖಲೆ ಇರುತ್ತದೆ, ಅದರಲ್ಲಿರುವ ತಾರೀಕೇ ಕೊನೆ, ವೀಸಾ ಮೇಲಿನ ತಾರೀಕು ಅಲ್ಲ. ಎರಡು ಸಲದ ನಡುವೆ ಇಷ್ಟು ತಿಂಗಳು ಊರಲ್ಲಿ ಇರಲೇಬೇಕು ಅಂತ ಕಾನೂನಿನಲ್ಲಿ ಲೆಕ್ಕ ಬರೆದಿಲ್ಲ, ನಿಜ. ಏಜೆಂಟ್‌ಗಳು ಹಿಡಿದುಕೊಳ್ಳುವುದೇ ಇದನ್ನು. ಆದರೆ ಪ್ರತಿಸಲವೂ ಆರಾರು ತಿಂಗಳು ಅಲ್ಲಿ, ನಡುವೆ ಒಂದಿಷ್ಟು ದಿನ ಇಲ್ಲಿ ಅಂತಾದರೆ, ಇವರು ನೋಡಿಕೊಂಡು ಹೋಗುವುದಕ್ಕೆ ಬಂದವರಲ್ಲ, ಇಲ್ಲೇ ವಾಸ ಮಾಡುತ್ತಿದ್ದಾರೆ ಅಂತ ಅಧಿಕಾರಿಗೆ ಅನ್ನಿಸಿದರೆ ಮುಗಿಯಿತು. ಒಂದು ದಿನವೂ ಜಾಸ್ತಿ ಉಳಿದಿಲ್ಲ ಅನ್ನುವುದು ಆಗ ಕೆಲಸಕ್ಕೆ ಬರುವುದಿಲ್ಲ.

ಇನ್ನೊಂದು ವಿಷಯ ಅವನು ಹೇಳಲೇ ಇಲ್ಲ. ಅಬುಧಾಬಿ ಮೇಲೆ ಹೋದರೆ ಅಮೆರಿಕಾದ ಇಮಿಗ್ರೇಷನ್ ಅಬುಧಾಬಿಯಲ್ಲೇ ಆಗುತ್ತದೆ. 2014ರಿಂದ ಅಮೆರಿಕಾದ ಅಧಿಕಾರಿಗಳೇ ಅಲ್ಲಿ ಕೂತಿದ್ದಾರೆ. ಹಿಂದೆ ಅಮ್ಮ ಬೇರೆ ದಾರಿಯಲ್ಲಿ ಹೋಗಿದ್ದಳು, ನ್ಯೂಯಾರ್ಕಿನಲ್ಲಿ ಇಳಿದ ಮೇಲೆ ತಪಾಸಣೆ. ಈ ಸಲ ಅವಳು ಇದು ಬ್ಯಾಗ್ ಚೆಕ್ಕಿಂಗ್ ಇರಬೇಕು ಅಂದುಕೊಂಡು ಸಾಲಿನಲ್ಲಿ ನಿಂತಿದ್ದಾಳೆ. ಕೌಂಟರಿನಲ್ಲಿ ಹಳೇ ದಾಖಲೆ ನೋಡಿದವರೇ ಪಕ್ಕದ ಕೋಣೆಗೆ ಕರೆದುಕೊಂಡು ಹೋದರಂತೆ. ಅಲ್ಲಿ ಹಿಂದಿ ಬರುವವರೊಬ್ಬರನ್ನು ಕರೆಸಿದರು. ಅಮ್ಮನ ಹಿಂದಿ ಅಷ್ಟಕ್ಕಷ್ಟೇ. ಕನ್ನಡದವರು ಬೇಕು ಅಂತ ಕೇಳಬಹುದು ಅಂತಲೂ ಅವಳಿಗೆ ಯಾರೂ ಹೇಳಿರಲಿಲ್ಲ.

ಯಾಕೆ ಹೋಗುತ್ತಿದ್ದೀರಿ ಅಂದರೆ ಅಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಾಳೆ. ಮಗಳು ಕೆಲಸಕ್ಕೆ ಹೋಗುತ್ತಾಳೆ, ಮಗುವನ್ನು ನಾನು ನೋಡಿಕೊಳ್ಳುತ್ತೇನೆ ಅಂತ. ಆಮೇಲೆ ಏಜೆಂಟ್ ಹೇಳಿದ್ದು ನೆನಪಾಗಿ ಫೈಲ್ ಕೊಟ್ಟಿದ್ದಾಳೆ.

ಆ ಫೈಲಿನಲ್ಲಿ ಏನಿತ್ತು ಗೊತ್ತಾ? ಅಮ್ಮ ಪ್ರವಾಸಕ್ಕೆ ಹೋಗುತ್ತಿದ್ದಾಳಂತೆ. ನಯಾಗರಾ ಜಲಪಾತ, ಲಾಸ್ ವೇಗಸ್, ಡಿಸ್ನಿಲ್ಯಾಂಡ್. ನಮ್ಮ ಅಮ್ಮ! ಜೋಗಕ್ಕೆ ಕರೆದುಕೊಂಡು ಹೋದರೆ ಕಾರಿನಿಂದ ಇಳಿಯದವಳು, ಮಂಡಿ ನೋವು. ಅದೂ ಹೋಗಲಿ. ಎರಡನೇ ಪುಟದಲ್ಲಿ ಹೀಗೆ ಇತ್ತು: ನಾನು ಮತ್ತು ನನ್ನ ಪತಿ ಈ ಪ್ರವಾಸ ಕೈಗೊಳ್ಳುತ್ತಿದ್ದೇವೆ, ಇಬ್ಬರ ಖರ್ಚನ್ನೂ ಪತಿಯ ಪಿಂಚಣಿಯಿಂದ ನೋಡಿಕೊಳ್ಳುತ್ತೇವೆ.

ನಮ್ಮ ಅಪ್ಪ ತೀರಿಕೊಂಡು ಎಷ್ಟೋ ವರ್ಷ ಆಯಿತು. ಪಿಂಚಣಿ ಬರುವ ಕೆಲಸದಲ್ಲೂ ಇರಲಿಲ್ಲ, ತೋಟ ಮಾಡಿಕೊಂಡಿದ್ದವರು.

ಬೇರೆ ಯಾರಿಗೋ ಮಾಡಿದ್ದ ಪತ್ರ. ಮೇಲೆ ಹೆಸರು, ಪಾಸ್‌ಪೋರ್ಟ್ ನಂಬರ್ ಬದಲಾಯಿಸಿ ಪ್ರಿಂಟ್ ಹೊಡೆದು ಪ್ಲಾಸ್ಟಿಕ್ ಕವರಿಗೆ ಹಾಕಿ ಕೊಟ್ಟಿದ್ದಾನೆ. ಇದಕ್ಕೆ ಎಂಟು ಸಾವಿರ. ಅಧಿಕಾರಿ ಕೇಳಿದನಂತೆ, ನಿಮ್ಮ ಗಂಡ ಎಲ್ಲಿ, ಬೇರೆ ವಿಮಾನದಲ್ಲಿ ಬರುತ್ತಿದ್ದಾರಾ ಅಂತ. ಅಮ್ಮನಿಗೆ ಮೊದಲು ಅರ್ಥವೇ ಆಗಿಲ್ಲ. ಇನ್ನೊಂದು ಸಲ ಕೇಳಿದಾಗ ಅವರಿಲ್ಲ ಅಂದಿದ್ದಾಳೆ. ಮತ್ತೆ ಈ ಪತ್ರಕ್ಕೆ ಸಹಿ ಹಾಕಿದ್ದು ಯಾರು ಅಂತ ಕೇಳಿದ್ದಕ್ಕೆ ಅಮ್ಮ ಅಂದದ್ದು, ನಾನೇ. ಇದನ್ನು ನನಗೆ ಹೇಳುವಾಗ ಅಮ್ಮ ನನ್ನ ಮುಖ ನೋಡಲಿಲ್ಲ. ಮನೆಯ ಬೇರೆ ಯಾರಿಗೂ ಇದನ್ನು ಹೇಳಬೇಡ ಅಂದಳು. ಹೆಸರಿಲ್ಲದೆ ಬರೆಯುತ್ತಿರುವುದು ಅದಕ್ಕೇ.

ನ್ಯೂಯಾರ್ಕಿಗೆ ಹೋಗಿ ಇಳಿದಿದ್ದರೆ ಇನ್ನೂ ಕೆಟ್ಟದಾಗುತ್ತಿತ್ತು ಅಂತ ಆಮೇಲೆ ತಿಳಿಯಿತು. ಅಲ್ಲಿನ ನೆಲಕ್ಕೆ ಕಾಲಿಟ್ಟ ಮೇಲೆ ಹೊರಗೆ ಹಾಕಿದರೆ ಐದು ವರ್ಷ ಬರದ ಹಾಗೆ ಆದೇಶ ಮಾಡಬಹುದು. ಸುಳ್ಳು ಕಾಗದ ಕೊಟ್ಟು ಒಳಗೆ ಬರಲು ನೋಡಿದರು ಅಂತ ತೀರ್ಮಾನವಾದರೆ ಜೀವನಪರ್ಯಂತ ನಿಷೇಧವೂ ಆಗಬಹುದು. ಅಬುಧಾಬಿಯಲ್ಲಿ, ಒಳಗೆ ಬಿಡಿ ಅನ್ನುವ ಅರ್ಜಿಯನ್ನು ವಾಪಸ್ ತೆಗೆದುಕೊಂಡೆ ಅಂತ ಅಮ್ಮನಿಂದ ಬರೆಸಿಕೊಂಡು, ವೀಸಾ ರದ್ದು ಮಾಡಿ, ಬೆಂಗಳೂರಿನ ವಿಮಾನ ಹತ್ತಿಸಿದರು. ಇನ್ನು ಹೋಗಬೇಕೆಂದರೆ ಹೊಸದಾಗಿ ಅರ್ಜಿ, 185 ಡಾಲರ್ ಫೀಸು, ಮತ್ತೆ ಇಂಟರ್‌ವ್ಯೂ, ಅಲ್ಲಿ ಇದೆಲ್ಲ ಕಂಪ್ಯೂಟರಿನಲ್ಲಿ ಕಣ್ಣೆದುರಿಗೇ ಇರುತ್ತದೆ.

ಏಜೆಂಟ್‌ಗೆ ಫೋನ್ ಮಾಡಿದೆ. ಅವನ ಮೊದಲ ಮಾತು, "ಅಮ್ಮಾವ್ರು ಏನಾದ್ರೂ ಜಾಸ್ತಿ ಮಾತಾಡಿದ್ರಾ ಸಾರ್?" ಜಾಸ್ತಿ ಮಾತಾಡಿದ್ರಾ ಅಂತೆ. ನಿಮ್ಮ ಪತ್ರದಲ್ಲಿ ಸತ್ತ ನಮ್ಮಪ್ಪನನ್ನು ಲಾಸ್ ವೇಗಸ್‌ಗೆ ಕಳಿಸಿದ್ದೀರಲ್ಲ ಅಂದೆ. "ಅದು ಟೈಪಿಂಗ್ ಮಿಸ್ಟೇಕ್ ಸಾರ್, ಹುಡುಗಿ ಹೊಸಬಳು." ಸಹಿ ಮಾಡಿಸುವಾಗ ಏನು ಬರೆದಿದೆ ಅಂತ ಓದಿ ಹೇಳಿದ್ರಾ ಅಂದರೆ, "ಎಲ್ರೂ ಹಂಗೇ ಹಾಕ್ತಾರೆ ಸಾರ್, ಯಾರಿಗೂ ಪ್ರಾಬ್ಲಮ್ ಆಗಿಲ್ಲ, ನಿಮಗೊಬ್ರಿಗೆ ಆಗಿದ್ದು." ದುಡ್ಡು ಕೇಳಿದೆ. ಆಗ ದನಿ ಬದಲಾಯಿತು. "ನಾವು ಟಿಕೆಟ್ ಮಾಡಿಕೊಡೋರು. ಇಮಿಗ್ರೇಷನ್ ನಮ್ಮ ಕೈಲಿಲ್ಲ. ಬಿಲ್ ನೋಡ್ಕೊಳ್ಳಿ."

ಬಿಲ್ ತೆಗೆದು ನೋಡಿದೆ. ಫೈಲಿನ ಸುದ್ದಿಯೇ ಇಲ್ಲ. ಬರೀ ವಿಮಾನ ಟಿಕೆಟ್ ಅಂತ ಇದೆ, ಎಂಟು ಸಾವಿರ ಎಲ್ಲೂ ಇಲ್ಲ. ನಗದು ಕೊಡಿ ಸಾರ್, ಜಿಎಸ್‌ಟಿ ಉಳಿಯುತ್ತೆ ಅಂದಿದ್ದು ಯಾಕೆ ಅಂತ ಆಗ ಅರ್ಥವಾಯಿತು. ಎಷ್ಟು ಚೆನ್ನಾಗಿ ಟೋಪಿ ಹಾಕಿದ್ದಾನೆ ನೋಡಿ. ಪುಣ್ಯಕ್ಕೆ, ಫೈಲ್ ರೆಡಿ ಇದೆ ಎಂಟು ಸಾವಿರ ತನ್ನಿ ಅಂತ ಅವನೇ ಕಳಿಸಿದ್ದ ವಾಟ್ಸಾಪ್ ಮೆಸೇಜ್ ಉಳಿದಿತ್ತು. ಅದರ ಮೇಲೆಯೇ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದು. ಐದು ಲಕ್ಷದ ಒಳಗಿನ ವ್ಯವಹಾರಕ್ಕೆ ದೂರಿನ ಶುಲ್ಕ ಇಲ್ಲ, ಎರಡು ವರ್ಷದ ಒಳಗೆ ಕೊಡಬೇಕು.

ಊರಲ್ಲಿ ಬೇರೆ. ಅಪ್ಪೆಮಿಡಿ ಉಪ್ಪಿನಕಾಯಿ, ತೊಡೆದೇವು, ಮಗುವಿಗೆ ರಾಗಿಸರಿ ಹಿಟ್ಟು, ಕೇರಿಯವರೆಲ್ಲ ಅವರವರ ಮಕ್ಕಳಿಗೆ ಅಂತ ಕೊಟ್ಟ ಪೊಟ್ಟಣಗಳು, ಎಲ್ಲ ಬ್ಯಾಗಿನಲ್ಲೇ ವಾಪಸ್ ಬಂದವು. ಒಂದೊಂದೇ ಮನೆಗೆ ತಿರುಗಿ ಕೊಡಬೇಕಲ್ಲ. ಮೈ ಹುಷಾರಿರಲಿಲ್ಲ, ಅದಕ್ಕೇ ಬಂದುಬಿಟ್ಟೆ ಅಂತ ಅಮ್ಮ ಹೇಳಿಕೊಂಡು ತಿರುಗಿದಳು. ಮೊನ್ನೆ ಒಂದು ಗೃಹಪ್ರವೇಶಕ್ಕೂ ಬರಲಿಲ್ಲ.

ಹೇಳುವುದು ಇಷ್ಟೇ. ಅಲ್ಲಿ ಇದ್ದಷ್ಟಾದರೂ ದಿನ ಇಲ್ಲಿ ಇದ್ದು ಆಮೇಲೆ ಕಳಿಸಿ. ಅಮ್ಮ ಒಂದು ಸಲ, ಅತ್ತೆ ಮಾವ ಒಂದು ಸಲ ಅಂತ ಹಂಚಿಕೊಂಡರೆ ಇನ್ನೂ ಒಳ್ಳೆಯದು. ಪಹಣಿ, ಬ್ಯಾಂಕಿನ ಕಾಗದ, ವಾಪಸ್ ಟಿಕೆಟ್ ಕೈಯಲ್ಲಿರಲಿ. ಅವರ ಹೆಸರಲ್ಲಿ ಹೋಗುವ ಒಂದೊಂದು ಹಾಳೆಯನ್ನೂ ಕನ್ನಡದಲ್ಲಿ ಓದಿ ಹೇಳಿ. ಯಾವ ಏಜೆಂಟ್ ಆದರೂ ಬಾಯಿ ಬಿಡಬೇಡಿ, ಫೈಲ್ ಕೊಡಿ ಅಂದರೆ ಅಲ್ಲಿಂದಲೇ ಎದ್ದು ಬನ್ನಿ.

ಮೊನ್ನೆ ಅವನದೇ ಮೆಸೇಜ್ ಬಂತು. ದೂರಿನ ನೋಟಿಸ್ ಇನ್ನೂ ಕೈಗೆ ಸೇರಿರಲಿಲ್ಲ ಅಂತ ಕಾಣುತ್ತದೆ. "ಸಾರ್, ಅಮ್ಮಾವ್ರಿಗೆ ಕೆನಡಾ ಸೂಪರ್ ವೀಸಾ ಟ್ರೈ ಮಾಡೋಣ, ಒಂದೇ ಸಲ ಐದು ವರ್ಷ ಇರಬಹುದು, ಫೈಲ್ ನಾವೇ ಮಾಡಿಕೊಡ್ತೀವಿ." ಆ ವೀಸಾ ಸಿಗುವುದು ಮಕ್ಕಳೋ ಮೊಮ್ಮಕ್ಕಳೋ ಕೆನಡಾದಲ್ಲಿ ನೆಲೆಸಿದ್ದರೆ ಮಾತ್ರ. ಕೆನಡಾದಲ್ಲಿ ನಮಗೆ ಯಾರೂ ಇಲ್ಲ.